ಚೀಟಿ ಬರುವಷ್ಟು ಹೊತ್ತು

"ಕೈ ತಗಿ, ಯಕ್ಕಾ! ತಗಿ ಅಂದ್ನೆಲ್ಲ ಕೈ!"

"ನಾ ಎಲ್ಲಿ ಮುಟ್ಟೇನಿ? ಕಣ್ಣೇನ್ ಕ್ಯಾನಿನಾಗ ಬಿದ್ದಾವೇನ್ ನಿನ್ನವು?"

"ಮುಟ್ಟಿಲ್ಲಂತ! ವೈರು ಮುಷ್ಟ್ಯಾಗ ಐತಿ, ಬಾಯಿ ಮುಟ್ಟಿಲ್ಲ ಅಂತೈತಿ!"

ಸುಶೀಲವ್ವ ತನ್ನ ಮುಷ್ಟಿ ನೋಡಿಕೊಂಡಳು. ವೈರು ಇತ್ತು. ನೀಲಿ ಬಣ್ಣದ್ದು, ತುದಿಗೆ ಪ್ಲಾಸ್ಟಿಕ್ಕಿನ ಸಣ್ಣ ಮೂತಿ. ಹಾವಿನ ಮರಿ ಹಿಡಿದವಳ ಹಾಗೆ ಅದನ್ನು ಮೇಜಿನ ಮೇಲೆ ಒಗೆದು, ಸೆರಗಿಗೆ ಕೈ ಒರೆಸಿಕೊಂಡಳು.

"ಅದ ಬಂದು ಕೈಯಾಗ ಕುಂತರ ನಾ ಏನ್ ಮಾಡ್ಲಿ?"

ಹಾಲಿನ ಡೈರಿಯ ಸೆಕ್ರೆಟರಿ ಉಳಿವೆಪ್ಪ ಎರಡೂ ಕೈ ತಲೆಯ ಮೇಲಿಟ್ಟುಕೊಂಡ. ಸಿಟ್ಟು ಅವನ ಜಾಯಮಾನವಲ್ಲ. ಸಿಟ್ಟು ಬಂದಾಗ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುವ ಮನುಷ್ಯ. "ಹಾಲಿಗೆ ನೀರು ಹಾಕೋರ್ನ ಕಂಡೇನಿ. ಉಪ್ಪು, ಸಕ್ರಿ ಹಾಕೋರ್ನೂ ಕಂಡೇನಿ. ವೈರು ಕೀಳೋರ್ನ ಇವತ್ತ ಕಂಡೆ, ನೋಡವಾ!"

ಹಿಂದೆ ಕ್ಯಾನು ಹಿಡಿದು ನಿಂತ ಸಾಲು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಮಾಬೂಬಿ. ಎರಡು ಎಮ್ಮೆ ಕಟ್ಟಿಕೊಂಡು, ಬಾಯಲ್ಲಿ ಯಾವಾಗಲೂ ಸವಣೂರಿನ ವೀಳ್ಯದೆಲೆ ಇಟ್ಟುಕೊಂಡು ಓಡಾಡುವ ಹೆಂಗಸು. ಸುಶೀಲವ್ವನ ಗೆಳತಿ, ಅದಕ್ಕೇ ನಗುವ ಹಕ್ಕು ತನಗೆ ಹೆಚ್ಚೆಂದು ತಿಳಿದವಳು.

ನಗು ನಿಲ್ಲುವ ಮೊದಲೇ ಇನ್ನೊಂದು ಅವಮಾನವಾಯಿತು. ವೈರು ಕಿತ್ತು ಮೇಜಿನ ಮೇಲೆ ಸತ್ತು ಬಿದ್ದಿದ್ದರೂ ಹಾಲು ಅಳೆಯುವ ಆ ಹೊಸ ಪೆಟ್ಟಿಗೆ ಚಟ್ ಎಂದು ಚೀಟಿ ಉಗುಳಿತು. ಸುಶೀಲವ್ವನ ಹೆಸರು, ಹಾಲಿನ ಅಳತೆ, ಫ್ಯಾಟು, ಎಲ್ಲ ಸರಿಯಾಗಿತ್ತು. ಬೇರು ಕಿತ್ತ ಮೇಲೂ ಹೂ ಬಿಡುವ ಗಿಡವನ್ನು ಅವಳು ತನ್ನ ಜೀವಮಾನದಲ್ಲಿ ಕಂಡಿರಲಿಲ್ಲ.

"ಇದಕ್ಕೇನ್ ದೆವ್ವ ಬಡಕೊಂಡೈತೇನ?" ಎಂದಳು.

ಮೇಜಿನ ಕೆಳಗಿನಿಂದ ಒಂದು ಹುಡುಗಿ ಎದ್ದಳು. ಮೊಳಕಾಲಿನ ಧೂಳು ಕೊಡವಿಕೊಂಡು ಕುತ್ತಿಗೆಯ ಗುರುತಿನ ಚೀಟಿ ಸರಿಮಾಡಿಕೊಂಡಳು. ಹೆಸರು ಸಮತಾ, ಶಿಗ್ಗಾಂವಿ ಕಡೆಯವಳು. ಡೈರಿಗಳಿಗೆ ಈ ಪೆಟ್ಟಿಗೆ ಕೂಡಿಸುವ ಕಂಪನಿಯವಳು. "ಈ ವಾರ ದಿನಾ ಸಂಜೀಕ ಅದ ಹೊತ್ತಿಗೆ ಫ್ಯಾಟು ತಪ್ಪು ಅಂತ ಕಂಪ್ಲೇಂಟ್ ಬರಾಕತ್ತಿತ್ರಿ. ಇಲಿ ವೈರು ಕಡ್ಯಾಕತ್ತಾವೇನಂತ ನೋಡಾಕ ಬಂದೆ," ಎಂದು ಹೇಳಿ ಸುಶೀಲವ್ವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇಲಿ ಅಲ್ರಿ," ಎಂದಳು.

ಸಾಲು ಮತ್ತೆ ನಕ್ಕಿತು.

ಸುಶೀಲವ್ವ ವೈರು ಯಾಕೆ ಕಿತ್ತಳು ಎನ್ನುವುದು ಆ ಹುಡುಗಿಯೊಬ್ಬಳನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು.

ಮಾಸೂರಿನಿಂದ ಸ್ವಲ್ಪ ಆಚೆಗೆ, ಮದಗದ ಕೆರೆಯ ನೀರು ಕಾಣುವ ಊರು ಅದು. ಸುಶೀಲವ್ವ ಹುಟ್ಟಿದ್ದೂ ಅಲ್ಲಿಯೇ, ಗಂಡನ ಮನೆಗೆ ನಡೆದದ್ದೂ ಅಲ್ಲಿಯೇ. ಎರಡು ಓಣಿ ದಾಟಿದರೆ ತವರು. ಆದರೆ ಹತ್ತಿರದ ತವರು ಎಂದು ಪದ್ಧತಿಗೆ ರಿಯಾಯಿತಿ ಇಲ್ಲ. ನಾಗರ ಪಂಚಮಿಗೆ ಅಣ್ಣ ಬಂದು ಕರೆಯಬೇಕು, ತಂಗಿ ಹೋಗಬೇಕು. ಎರಡು ಓಣಿಯಾದರೇನು, ಎರಡು ಜಿಲ್ಲೆಯಾದರೇನು. ಕರೆಯದೆ ಹೋದವಳಿಗೆ ಉಂಡಿ ಸಿಗಬಹುದು, ಮರ್ಯಾದೆ ಸಿಗುವುದಿಲ್ಲ.

ಅಣ್ಣ ದ್ಯಾಮಪ್ಪ ಕರೆಯದೆ ಮೂರು ಪಂಚಮಿ ಕಳೆದಿದ್ದವು. ಜಗಳಕ್ಕೆ ಕಾರಣ ಒಂದು ಎಮ್ಮೆ. ತವರಿನಿಂದ ಪ್ರೀತಿಯಿಂದ ಕೊಟ್ಟ ಎಮ್ಮೆಯನ್ನು ಸುಶೀಲವ್ವ ಹಂಸಭಾವಿಯ ಕಡೆಯವರಿಗೆ ಮಾರಿಬಿಟ್ಟಳು. ತವರಿನ ಎಮ್ಮೆ ಮಾರುವುದು ತವರನ್ನೇ ಮಾರಿದ ಹಾಗೆ ಎಂದು ದ್ಯಾಮಪ್ಪ ನಡುಬೀದಿಯಲ್ಲಿ ಕೂಗಾಡಿದ. "ಅದು ಒದೀತಿತ್ತು, ಮಾರಿದೆ," ಎಂದು ಹೇಳಿ ಸುಮ್ಮನಿದ್ದರೆ ಮುಗಿಯುತ್ತಿತ್ತು. ಸುಶೀಲವ್ವ ಅಂಥ ಕಡೆ ಸುಮ್ಮನಿರುವ ಹೆಂಗಸಲ್ಲ. "ನಿಮ್ಮ ಮನಿ ಎಮ್ಮಿ, ನಿಮ್ಮ ಗುಣಾನ ಕಲತಿತ್ತು," ಎಂದಳು. ಅಂದಿನಿಂದ ಅಣ್ಣ ತಂಗಿ ಮಾತು ಬಿಟ್ಟರು.

ಮಾತು ಬಿಟ್ಟವರಿಗೂ ಆ ಸೀಮೆಯಲ್ಲಿ ಒಂದು ದಾರಿ ಉಂಟು. ಮೂರನೆಯವನೊಬ್ಬ ನಡುವೆ ಇದ್ದರೆ ಅವನ ಮೂಲಕ ಮಾತಾಡಬಹುದು. ಇಬ್ಬರೂ ಒಂದು ಮೊಳ ಅಂತರದಲ್ಲಿ ನಿಂತಿರುತ್ತಾರೆ, ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳುತ್ತಿರುತ್ತದೆ, ಆದರೂ ನಡುವಿನವನು ತಿರುಗಿ ಹೇಳುವ ತನಕ ಕೇಳಿಸಿದಂತೆ ಲೆಕ್ಕವಿಲ್ಲ. ಡೈರಿಯಲ್ಲಿ ಆ ನಡುವಿನವನು ಉಳಿವೆಪ್ಪ. ಅವನು ಹೇಳಿದ್ದಷ್ಟೇ ಮಾತು, ಉಳಿದದ್ದು ಗಾಳಿ.

ಆಗ ಹಳೆಯ ಪೆಟ್ಟಿಗೆ ಇತ್ತು. ಹಾಲು ಸುರಿದರೆ ಪರದೆಯ ಮೇಲೆ ನೀಲಿ ಚಕ್ರವೊಂದು ತಿರುಗಲು ಶುರು ಮಾಡುತ್ತಿತ್ತು. ಎಲ್ಲಿಂದಲೋ ಲೆಕ್ಕ ತಿರುಗಿ ಬರುವ ತನಕ ಚೀಟಿ ಇಲ್ಲ. ಚೀಟಿ ಬರುವ ತನಕ ಕ್ಯಾನು ಎತ್ತುವ ಹಾಗಿಲ್ಲ, ಹಿಂದಿನವರು ಹಾಲು ಸುರಿಯುವ ಹಾಗೂ ಇಲ್ಲ. ಜನ ಬೈಯುತ್ತಲೇ ಕಟ್ಟೆಯ ಮೇಲೆ ಕೂಡುತ್ತಿದ್ದರು. ಬೈದು ಮುಗಿದ ಮೇಲೆ ಮಾತಾಡುತ್ತಿದ್ದರು. ಆ ಊರಿನ ಅರ್ಧ ವ್ಯವಹಾರ ಆ ಚಕ್ರ ತಿರುಗುವ ಹೊತ್ತಿನಲ್ಲಿ ಮುಗಿಯುತ್ತಿತ್ತು ಎಂದರೆ ಸುಳ್ಳಲ್ಲ.

ಸುಶೀಲವ್ವ ದ್ಯಾಮಪ್ಪನ ಹಿಂದೆಯೇ ಸಾಲಿನಲ್ಲಿ ನಿಲ್ಲುವ ಹಾಗೆ ಹೊತ್ತು ನೋಡಿ ಬರುತ್ತಿದ್ದಳು. ಅದು ಆಕಸ್ಮಿಕವೆಂದು ಅವಳೂ ಹೇಳುತ್ತಿದ್ದಳು, ಅವನೂ ನಂಬಿದಂತೆ ಮಾಡುತ್ತಿದ್ದ. ಮೊದಲು ಬರೀ ಚುಚ್ಚುಮಾತು. ಆಮೇಲೆ ಅವ್ವನ ಸುದ್ದಿ. ಅವ್ವ ಗಟ್ಟಿಯಿದ್ದಾಗ ತಾನೇ ಮಗಳ ಮನೆಗೆ ಬಂದು ಹೋಗುತ್ತಿದ್ದಳು. ಈಗ ಮೊಳಕಾಲು ಕೈಕೊಟ್ಟು, ಹೊಸ್ತಿಲು ದಾಟುವುದೂ ಕಷ್ಟ. ಬೇಸಿಗೆಯಿಂದ ಈಚೆಗೆ ಸುಶೀಲವ್ವ ಅವ್ವನ ಮುಖ ನೋಡಿರಲಿಲ್ಲ.

ಹೀಗಿರುವಾಗ ಒಂದು ಸಂಜೆ ಚಕ್ರ ತಿರುಗುತ್ತಿತ್ತು. ದ್ಯಾಮಪ್ಪ ಛಾವಣಿ ನೋಡುತ್ತ, "ಉಳಿವೆಪ್ಪಾ, ಈ ವರ್ಷ ಪಂಚಮಿಗೆ ಜೋಕಾಲಿ ಕಟ್ಟಬೇಕೋ ಬ್ಯಾಡೋ ಅಂತ ವಿಚಾರ ಮಾಡಾಕತ್ತೇನಿ. ಜೀಕೋರು ಯಾರರೆ ಇದ್ರ..." ಎಂದ. ಸುಶೀಲವ್ವ ಒಂದು ಹೆಜ್ಜೆ ಮುಂದೆ ಬಂದಳು. ಇನ್ನೊಂದು ವಾಕ್ಯ ಬಂದಿದ್ದರೆ ಸಾಕಿತ್ತು. ಅಷ್ಟರಲ್ಲಿ ಚೀಟಿ ಬಂತು. ಇರಲಿ, ನಾಳೆ ಇದೆಯಲ್ಲ ಎಂದುಕೊಂಡಳು.

ಮರುದಿನವೇ ಹೊಸ ಪೆಟ್ಟಿಗೆ ಬಂತು.

ಈಗ ಹಾಲು ಸುರಿದ ಕೈ ಕೆಳಗಿಳಿಯುವ ಮೊದಲೇ ಚೀಟಿ ಹಲ್ಲಿಯ ನಾಲಗೆಯ ಹಾಗೆ ಹೊರಬರುತ್ತಿತ್ತು. ದ್ಯಾಮಪ್ಪ ಬಂದ, ಸುರಿದ, ಹರಿದುಕೊಂಡ, ಬೈಕ್ ಹತ್ತಿದ. ಛಾವಣಿ ನೋಡುವುದಕ್ಕೂ ಪುರುಸೊತ್ತಿಲ್ಲ. ಪಂಚಮಿ ಮಾತ್ರ ದಿನದಿನಕ್ಕೂ ಹತ್ತಿರ ಬರುತ್ತಿತ್ತು. ಅದಕ್ಕೇ ಸುಶೀಲವ್ವ ಮೊದಲು ಹಾಲನ್ನು ಮತ್ತೆ ಮತ್ತೆ ಅಳೆಸಿದಳು. ಆಮೇಲೆ ಫ್ಯಾಟು ತಪ್ಪೆಂದು ಜಗಳ ತೆಗೆದಳು. ಕೊನೆಗೆ ಇವತ್ತು, ಅಣ್ಣ ಬರುವಾಗ ಸಾಲು ನಿಂತೇ ಇರಲೆಂದು, ವೈರಿಗೆ ಕೈ ಹಾಕಿದಳು.

"ತಂಗಿ," ಎಂದಳು ಸುಶೀಲವ್ವ ಸಮತಾಳಿಗೆ, ಸೊಂಟದ ಮೇಲೆ ಕೈಯಿಟ್ಟು. "ಹಳೇದು ಚಲೋ ಇತ್ತು. ಅದನ್ನ ಯಾಕ ಒಯ್ದ್ರಿ?"

"ಅದು ಭಾಳ ತಡಾ ಮಾಡ್ತಿತ್ರಿ, ಅಕ್ಕಾರ."

"ತಡಾ ಮಾಡಿದ್ರ ನಿಮಗೇನ್ ತ್ರಾಸ? ನಿಂತಾವ್ರು ನಾವು."

ಸಮತಾ ಕಣ್ಣು ಪಿಳುಕಿಸಿದಳು. "ಹಾನಗಲ್ಲಿನವ್ರು ಬೈತಾರ, ಹಿರೇಕೆರೂರಿನವ್ರು ಬೈತಾರ, ಬೇಗ ಮಾಡ್ರಿ ಬೇಗ ಮಾಡ್ರಿ ಅಂತ. ತಡಾ ಬೇಕು ಅಂದವ್ರು ನೀವ ಮೊದಲ್ರಿ." ಆಮೇಲೆ, ಒಳ್ಳೆಯ ಹುಡುಗಿ, ಇವಳಿಗೆ ತಿಳಿದಿಲ್ಲವೆಂದು ಭಾವಿಸಿ ತಿಳಿಸಿ ಹೇಳಲು ಕುಳಿತಳು. "ನಿಮ್ಮ ಹಾಲಿನ ಲೆಕ್ಕ ಈ ಪೆಟಗಿಯಾಗ ಇರಂಗಿಲ್ರಿ. ದೂರದ ಊರಾಗ ದೊಡ್ಡ ದೊಡ್ಡ ಕೋಣಿ ಅದಾವ, ಅದರಾಗ ಸಾಲಾಗಿ ಮಷೀನು. ಕ್ಲೌಡ್ ಅಂತಾರ. ಮೊದಲು ಅಲ್ಲಿ ತಿರಗೋ ಡಿಸ್ಕ್ ಇದ್ವು, ಬೀಸೋ ಕಲ್ಲ ಇದ್ದಂಗ. ನಿಮ್ಮ ಹೆಸರು ಸಿಗಬೇಕಂದ್ರ ಕಲ್ಲು ತಿರಗಿ ಬರಬೇಕು. ಈಗ ತಿರಗೋದ ಇಲ್ಲ. ಎಲ್ಲಾ ಮೊಬೈಲಿನಾಗಿನಂಥಾ ಚಿಪ್ಪಿನಾಗ, ಕೇಳಿದ ಕೂಡಲೇ ಸಿಗ್ತದ. ಮಷೀನೂ ಹೊಸಾವು ಹಾಕ್ಯಾರ. ಹಾದಿನೂ ಅಗಲ ಮಾಡ್ಯಾರ. ಮೊದಲು ಚಕ್ಕಡಿ ಹಾದಿ ಇತ್ತು ಅಂತ ತಿಳ್ಕೋರಿ, ಈಗ ಬಂಕಾಪುರದ ಹಂತ್ಯಾಕ ಹೈವೇ ಐತೆಲ್ಲ, ಹಂಗ."

"ವೈರು ಕಿತ್ರೂ ಹೆಂಗ ಬಂತು ಚೀಟಿ?"

"ಈ ಪೆಟಗಿಗೂ ಸ್ವಲ್ಪ ಜಾಗಾ ಕೊಟ್ಟಾರ್ರಿ. ಲೈನ್ ಹೋದ್ರ ತನ್ನ ಹೊಟ್ಟ್ಯಾಗ ಬರಕೊಂಡು ಇರ್ತದ. ಲೈನ್ ಬಂದ ಮ್ಯಾಲ ಎಲ್ಲಾ ಮ್ಯಾಲಿನವರಿಗೆ ಹೇಳ್ತದ."

"ಅಂದ್ರ ನಮ್ಮ ಸೊಸಿ ಇದ್ದಂಗ," ಎಂದಳು ಮಾಬೂಬಿ. "ಫೋನ್ ಕಸಕೊಂಡು ಇಟ್ರೂ ಬಿಡಂಗಿಲ್ಲ. ಸಿಕ್ಕ ದಿನಾ ಕುಂತು ಎಲ್ಲಾ ತವರಿಗೆ ಹೇಳ್ತಾಳ."

ಸುಶೀಲವ್ವನಿಗೆ ನಗು ಬರಲಿಲ್ಲ. ಕಲ್ಲು, ಚಿಪ್ಪು, ಹೈವೇ, ಅವಳಿಗೆ ಎಲ್ಲವೂ ತಿಳಿಯಿತು. ಅಷ್ಟು ಕಷ್ಟದ ಮಾತೇನಲ್ಲ. ಆದರೆ ಅಷ್ಟೆಲ್ಲ ಖರ್ಚು ಮಾಡಿ, ಅಷ್ಟು ದೊಡ್ಡ ಕೋಣೆ ಕಟ್ಟಿ, ಅಷ್ಟು ಹಾದಿ ಅಗಲ ಮಾಡಿ ಅವರು ತೆಗೆದುಹಾಕಿದ್ದು ಏನನ್ನು? ತಾನು ಮತ್ತು ಅಣ್ಣ ಒಟ್ಟಿಗೆ ನಿಲ್ಲುತ್ತಿದ್ದ ಆ ಇಷ್ಟೇ ಇಷ್ಟು ಹೊತ್ತನ್ನು! ಅದನ್ನು ಈ ಹುಡುಗಿಗೆ ಹೇಳುವುದು ಹೇಗೆ? ಹೇಳಿದರೆ, ಕರೆಯಿರಿ ಎಂದು ತಾನೇ ಅಂಗಲಾಚಿದಂತೆ ಆಗುವುದಿಲ್ಲವೇ?

ಹೊರಗೆ ಬೈಕಿನ ಸದ್ದು ಕೇಳಿತು. ದ್ಯಾಮಪ್ಪ ಎರಡೂ ಕೈಯಲ್ಲಿ ಕ್ಯಾನು ಹಿಡಿದು ಒಳಗೆ ಬಂದ. ಎತ್ತರದ ಆಳು, ತಲೆಗೆ ಟವೆಲ್ಲು. ಸುಶೀಲವ್ವನ ಮೂಗೇ ಅವನ ಮುಖಕ್ಕೂ ಇತ್ತು. ಇಬ್ಬರ ಮೂಗಿನ ತುದಿಯಲ್ಲೂ ಸಿಟ್ಟು ಕುಳಿತುಕೊಳ್ಳಲು ಒಂದೇ ನಮೂನೆಯ ಜಾಗ.

ಸಾಲಿನವರು ತಾವಾಗಿಯೇ ಅವನಿಗೆ ದಾರಿ ಬಿಟ್ಟರು. ಯಾವತ್ತೂ ಬಿಡದ ಜನ. ಅವನು ಹಾಲು ಸುರಿದ, ಚೀಟಿ ಬಂತು. ಆದರೆ ಇವತ್ತು ಮೇಜಿನ ಮೇಲೆ ಸತ್ತು ಬಿದ್ದ ವೈರು ಅವನ ಕಣ್ಣಿಗೆ ಬಿತ್ತು.

"ಏನೋ ಇದು, ಉಳಿವೆಪ್ಪಾ?"

"ವೈರು ಕಿತ್ತೈತಿ."

"ತಾನ ಕಿತ್ತೈತೋ, ಕಿತ್ತಾರೋ?"

ಎಲ್ಲರ ಕಣ್ಣು ಸುಶೀಲವ್ವನ ಕಡೆ ತಿರುಗಿದವು.

"ಯಾಕ ಕಿತ್ತ್ಲಂತ ಕೇಳು ಆಕಿನ್ನ," ಎಂದ ದ್ಯಾಮಪ್ಪ, ಗೋಡೆಯ ಕಡೆ ಮುಖ ಮಾಡಿ. ಗೋಡೆಯ ಮೇಲೆ ಕರುಗಳಿಗೆ ಜಂತಿನ ಔಷಧಿ ಕುಡಿಸಿ ಎಂಬ ಚಿತ್ರವಿತ್ತು.

"ಯಾಕ ಕಿತ್ತಿ ಅಂತ ಕೇಳಾಕತ್ತಾರ, ಯಕ್ಕಾ."

"ನನ್ನ ಹಾಲು, ನನ್ನ ಚೀಟಿ, ನನ್ನ ಖುಷಿ ಅಂತ ಹೇಳು."

ಉಳಿವೆಪ್ಪ ಗಂಟಲು ಸರಿಮಾಡಿಕೊಂಡ. "ಅಕ್ಕಾಗ ಮಷೀನ್ ಮ್ಯಾಲ ಸ್ವಲ್ಪ ಸಂಶೆ ಬಂದೈತಂತ."

"ಹಾಲಿನಾಗ ನೀರು ಜಾಸ್ತಿ ಆದ್ರ ಎಲ್ಲಾರಿಗೂ ಮಷೀನ್ ಮ್ಯಾಲ ಸಂಶೆ ಬರ್ತದಂತ ಹೇಳು."

"ಮಷೀನ್ ಚಲೋ ಐತಿ ಅನ್ನಾಕತ್ತಾರ, ಯಕ್ಕಾ."

"ಕೆಲವ್ರ ಮನಿ ಎಮ್ಮಿ ಹಾಲು ಗಟ್ಟಿ, ಮನಸ್ಸೂ ಗಟ್ಟಿ ಅಂತ ಹೇಳು. ಕೊಡ್ಲಿ ಹಾಕಿದ್ರೂ ಒಡ್ಯಂಗಿಲ್ಲ."

"ನಿಮ್ಮ ಎಮ್ಮಿ ಹಾಲು ಗಟ್ಟಿ ಐತಿ ಅಂತಾಳ."

ಸಮತಾ ಬಾಯಿ ತೆರೆದುಕೊಂಡು ಅವನಿಂದ ಇವಳಿಗೆ, ಇವಳಿಂದ ಅವನಿಗೆ ತಲೆ ತಿರುಗಿಸುತ್ತಿದ್ದಳು. "ಇಬ್ರಿಗೂ ಕೇಳಸಾಕತ್ತೈತೆಲ್ರಿ!" ಎಂದು ಮಾಬೂಬಿಯ ಕಿವಿಯಲ್ಲಿ ಪಿಸುಗುಟ್ಟಿದಳು.

"ಸುಮ್ಕಿರವಾ," ಎಂದಳು ಮಾಬೂಬಿ. "ಅದು ಕೇಳಿಸಿದ್ದಲ್ಲ."

ದ್ಯಾಮಪ್ಪ ಚೀಟಿಯನ್ನು ಅಂಗಿಯ ಕಿಸೆಗೆ ಹಾಕಿಕೊಂಡ. ಖಾಲಿ ಕ್ಯಾನು ಎತ್ತಿದ. ಇನ್ನು ಕಾಯುವುದಕ್ಕೆ ಏನೂ ಉಳಿದಿರಲಿಲ್ಲ. ನಾಡಿದ್ದು ರೊಟ್ಟಿ ಹಬ್ಬ, ಅದರ ಬೆನ್ನಿಗೆ ಪಂಚಮಿ. ಇವನು ಈಗ ಹೋದರೆ ಈ ವರ್ಷವೂ ಹೋಯಿತು.

"ಉಳಿವೆಪ್ಪಾ, ಅವ್ವನ ಮೊಳಕಾಲು ಹೆಂಗ ಅದಾವಂತ ಕೇಳು," ಎಂದಳು ಅವಸರದಲ್ಲಿ.

ಉಳಿವೆಪ್ಪ ಇನ್ನೂ ತಿರುಗಿರಲಿಲ್ಲ, ದ್ಯಾಮಪ್ಪ ನಿಂತುಬಿಟ್ಟ. "ಎರಡು ಓಣಿ ದಾಟಿ ಬಂದು ನೋಡಿದ್ರ ಗೊತ್ತಾಕ್ಕೈತಿ ಅಂತ ಹೇಳು."

ಇದು ಕರೆದದ್ದೋ, ಹಂಗಿಸಿದ್ದೋ? ಒಂದು ಗಳಿಗೆ ತಡೆದು ಯೋಚಿಸಿದ್ದರೆ ಸುಶೀಲವ್ವನಿಗೆ ತಿಳಿಯುತ್ತಿತ್ತೇನೋ. ಆದರೆ ನಾಲಗೆ ಅವಳಿಗಿಂತ ಮುಂದೆ ಓಡಿತು.

"ಕರೀಲಾರದ ಮನಿಗೆ ನಾಯಿ ಹೋಕ್ಕಾವ ಅಂತ ಹೇಳು!"

ಇಡೀ ಡೈರಿ ಉಳಿವೆಪ್ಪನ ಬಾಯಿ ನೋಡಿತು. ಇದನ್ನು ಅವನು ಹೇಗೆ ಮೆತ್ತಗೆ ಮಾಡುತ್ತಾನೆ? ಮಾಬೂಬಿ ಎಲೆ ಅಗಿಯುವುದನ್ನೇ ನಿಲ್ಲಿಸಿದಳು.

ಉಳಿವೆಪ್ಪ ಬಾಯಿ ತೆರೆದ. ಮುಚ್ಚಿದ.

"ಹೇಳೋ!" ಎಂದಳು ಸುಶೀಲವ್ವ.

"ಏನಂದ್ಲು, ಹೇಳೋ!" ಎಂದ ದ್ಯಾಮಪ್ಪ.

"ಹೇಳಂಗಿಲ್ಲ," ಎಂದ ಉಳಿವೆಪ್ಪ. ಕುರ್ಚಿ ಹಿಂದಕ್ಕೆ ಜರಗಿತು. "ಕ್ಯಾನ್ ಹೊತ್ರ ಹೆಗಲಷ್ಟ ನೋಯ್ತೈತಿ. ನಿಮ್ಮಿಬ್ಬರ ಮಾತು ಹೊತ್ತು ನನ್ನ ಮೈಯೆಲ್ಲಾ ಹಣ್ಣಾಗೇತಿ. ಆಕಿ ಸೇರು ಬೈದ್ರ ನಾ ಚಟಾಕು ಹೇಳ್ತಿದ್ದೆ. ನೀ ಸೇರು ಬೈದ್ರೂ ಚಟಾಕ. ಉಳದದ್ದೆಲ್ಲಾ ಎಲ್ಲಿ ಹೋತು? ನನ್ನ ಹೊಟ್ಟ್ಯಾಗ ಐತಿ! ಮನಿಗೆ ಹೋದ್ರ ಉಣ್ಣಾಕ ಜಾಗಾ ಇಲ್ಲ. ಈ ತಗಡಿನ ಪೆಟಗಿಗೆ ಜಾಗಾ ಸಾಲಂಗಿಲ್ಲಂತ ಈ ಶಿಗ್ಗಾಂವಿ ಹುಡುಗಿ ಬಂದು ಹೊಸಾದು ಕೂಡ್ರಿಸಿದ್ಲು. ನನಗ ಜಾಗಾ ಸಾಲಂಗಿಲ್ಲಂತ ಯಾವನರೆ ಬಂದು ಕೇಳಿದ್ನೇನು?"

"ಉಳಿವೆಪ್ಪಣ್ಣಾರ, ಕುಂದರ್ರಿ..." ಎಂದಳು ಸಮತಾ.

"ನೀ ಕುಂದ್ರವಾ. ಮಷೀನು ತಾನ ಅಳೀತೈತಿ, ತಾನ ಬರೀತೈತಿ, ತಾನ ಕೊಡ್ತೈತಿ. ನಾ ಕುಂತಿದ್ದು ಇವರ ಸಲವಾಗಿ."

ಮೂಲೆಯಲ್ಲಿದ್ದ ಚಪ್ಪಲಿ ಮೆಟ್ಟಿದ. ಟವೆಲ್ಲು ಝಾಡಿಸಿ ಹೆಗಲಿಗೆ ಹಾಕಿದ. ಹೊರಗೆ ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಗಂಟೆ ತಾನಾಗಿಯೇ ಒಮ್ಮೆ ಟಿಣ್ ಎಂದಿತು. ಆಮೇಲೆ ಅವನ ಸೈಕಲ್ಲಿನ ಸದ್ದು ಗೋವಿನಜೋಳದ ಹೊಲದ ಕಡೆ ಸಣ್ಣಗಾಗುತ್ತ ಹೋಯಿತು.

"ಬರ್ತಾನ ತಗೋ," ಎಂದಿತು ಸಾಲು. "ಚಾ ಕುಡದು ಬರ್ತಾನ."

ಅಣ್ಣ ತಂಗಿ ಇಬ್ಬರೂ ಬಾಗಿಲ ಕಡೆ ನೋಡುತ್ತ ನಿಂತರು. ನಡುವಿನವನಿಲ್ಲದೆ ಇಬ್ಬರ ನಡುವಿನ ಜಾಗ ಥಟ್ಟನೆ ಬಹಳ ಸಣ್ಣದಾಗಿ ಕಾಣಿಸಿತು. ದ್ಯಾಮಪ್ಪ ಟವೆಲ್ಲು ಸಡಿಲಿಸಿ ಮತ್ತೆ ಬಿಗಿದ. ಸುಶೀಲವ್ವ ತನ್ನ ಕ್ಯಾನಿನ ಮುಚ್ಚಳ ತೆಗೆದು ಮತ್ತೆ ಮುಚ್ಚಿದಳು.

"ತಂಗಿ," ಎಂದ ದ್ಯಾಮಪ್ಪ ಕೊನೆಗೆ ಸಮತಾಳಿಗೆ, "ಆಕಿಗೆ ಸ್ವಲ್ಪ ಹೇಳು..."

"ನನಗ ಮಷೀನ್ ಕೂಡಿಸೋದಷ್ಟ ಬರ್ತದ್ರಿ, ಕಾಕಾ," ಎಂದು ಸಮತಾ ಮತ್ತೆ ಮೇಜಿನ ಕೆಳಗೆ ಇಳಿದಳು. ಅಲ್ಲಿ ಅವಳಿಗೆ ಯಾವ ಕೆಲಸವೂ ಇರಲಿಲ್ಲ.

ಅವನು ಮಾಬೂಬಿಯ ಕಡೆ ತಿರುಗಿದ. ಮಾಬೂಬಿ ತನ್ನ ಬಾಯಿಗೆ ಬೆರಳು ತೋರಿಸಿ, ಎಲೆ ತುಂಬಿದೆ, ಮಾತಾಡಲಾಗದು ಎಂದು ತಲೆ ಅಲ್ಲಾಡಿಸಿದಳು. ಅವಳ ಹಿಂದಿನವರು ಒಬ್ಬೊಬ್ಬರಾಗಿ ತಮ್ಮ ಕ್ಯಾನಿನೊಳಗೆ ಇಣುಕಿ ನೋಡತೊಡಗಿದರು. ಹಾಲಿನಲ್ಲಿ ಏನಾದರೂ ಬಿದ್ದಿದೆಯೋ ಎಂಬಂತೆ.

ದ್ಯಾಮಪ್ಪ ಗೋಡೆಯ ಕರುವಿನ ಚಿತ್ರ ನೋಡಿದ. ಆಮೇಲೆ ತಂಗಿಯ ಕಡೆ ತಿರುಗಿದ.

"ನಾಯಿ ಅಂದ್ಯಾ?"

ಸುಶೀಲವ್ವ ತಲೆಯೆತ್ತಿ ನೋಡಿದಳು. ಅಂದ್ಲಾ ಅಲ್ಲ, ಅಂದ್ಯಾ! ನೇರವಾಗಿ, ತನಗೇ!

"ಅಂದೆ," ಎಂದಳು. ಆಮೇಲೆ ದನಿ ಇನ್ನಷ್ಟು ಜೋರು ಮಾಡಿದಳು. "ಅಂದೆ! ಏನೀಗ? ನನ್ನ ಅವ್ವನ್ನ ನೋಡಾಕ ನಾ ನಾಯಿಯಂಗ ಹೊಸ್ತಲದಾಗ ಮೂಸಕೋತ ಬರ್ಬೇಕೇನು?"

"ಯಾರು ಬ್ಯಾಡಂದಾರ ಬರಾಕ?"

"ಯಾರು ಬಾ ಅಂದಾರ?"

"ಎಮ್ಮಿ ಮಾರೂ ಮುಂದ ನನ್ನ ಕೇಳಿದ್ಯಾ? ಒಂದ ಮಾತು?"

"ನನ್ನ ತೊಡಿಗೆ ಒದ್ದು ಕಪ್ಪಾಗೂ ಮುಂದ ಅದು ನಿನ್ನ ಕೇಳಿತ್ತೇನು?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಣ್ಣ ತಂಗಿ ಇಬ್ಬರೂ ಒಟ್ಟಿಗೆ ತಿರುಗಿ ಕೆಕ್ಕರಿಸಿದರು. ಸಾಲು ಮತ್ತೆ ಕ್ಯಾನಿನೊಳಗೆ ಮುಖ ಹಾಕಿತು.

"ಭಾಳ ಮಾತು ಬಂದಾವ ನಿನಗ," ಎಂದ ದ್ಯಾಮಪ್ಪ, ಬೆರಳು ಆಡಿಸುತ್ತ. "ಧೈರ್ಯ ಇದ್ರ ಇದ ಮಾತನ್ನ ಪಂಚಮಿ ದಿನಾ ಅವ್ವನ ಮುಂದ ನಿಂತು ಆಡು!"

"ಕರೀಲಾರದ ಹೆಂಗ ಬಂದು ಆಡ್ಲಿ?"

"ಕರಿಯಾಕ ಬರ್ತೇನಿ! ನಾಳಿ ಮುಂಜಾನೆ ಬರ್ತೇನಿ!"

"ಬಾ! ನೋಡ್ತೇನಿ!"

"ನೋಡು!"

ಇಬ್ಬರೂ ಏದುಸಿರು ಬಿಡುತ್ತ ನಿಂತರು. ತಾವು ಏನು ಹೇಳಿದೆವು ಎನ್ನುವುದು ಇಬ್ಬರಿಗೂ ಸ್ವಲ್ಪ ತಡವಾಗಿ ತಿಳಿಯಿತು. ದ್ಯಾಮಪ್ಪ ಮೊದಲು ಕಣ್ಣು ಕೆಳಗೆ ಹಾಕಿದ. ಕ್ಯಾನು ಎತ್ತಿಕೊಂಡು ಬಾಗಿಲ ತನಕ ಹೋಗಿ, ತಿರುಗದೆಯೇ, "ಹಾಲು ಹಾಕಿ ಬರ್ತೇನಿ. ತಯಾರಾಗಿರು. ಹೊತ್ತ ಮಾಡಿದ್ರ ಬಿಟ್ಟು ಹೋಕ್ಕೇನಿ," ಎಂದ. ಎರಡು ಓಣಿಯ ದಾರಿಯಲ್ಲಿ ಯಾರನ್ನು ಯಾರು ಎಲ್ಲಿ ಬಿಟ್ಟು ಹೋಗುತ್ತಾರೋ ಅವನಿಗೇ ಗೊತ್ತು.

ಬೈಕ್ ಹೋಯಿತು. ಮಾಬೂಬಿ ಹೊರಗೆ ಹೋಗಿ ಎಲೆ ಉಗುಳಿ ಬಂದು, "ಉಂಡಿ ನನಗೂ ಕಳಸು," ಎಂದಳು. ಸುಶೀಲವ್ವ ಅಳುತ್ತಿದ್ದಳೋ ಬೆವರು ಒರೆಸಿಕೊಳ್ಳುತ್ತಿದ್ದಳೋ, ಸೆರಗಿನ ಹಿಂದೆ ಏನಾಯಿತೆಂದು ಯಾರೂ ಕೇಳಲಿಲ್ಲ. ಸಮತಾ ಮೇಜಿನ ಕೆಳಗಿನಿಂದ ಎದ್ದು ವೈರು ಕೂಡಿಸಿ, ಖಾಲಿ ಕುರ್ಚಿಯಲ್ಲಿ ಕುಳಿತು, ಉಳಿದವರ ಹಾಲು ಅಳೆಸಿದಳು. ಹಾಲಿನ ಗಾಡಿ ಬಂದು ಹಾರ್ನು ಹೊಡೆದು, ಕ್ಯಾನು ತುಂಬಿಕೊಂಡು ಹೋಯಿತು. ಉಳಿವೆಪ್ಪನ ಪತ್ತೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಸುಶೀಲವ್ವ ತಲೆಗೆ ನೀರು ಹಾಕಿಕೊಂಡು, ಹಸಿ ಕೂದಲು ಗಂಟು ಹಾಕಿ, ಎಲ್ಲರಿಗಿಂತ ಮೊದಲೇ ಡೈರಿಗೆ ಬಂದಳು. ಅಣ್ಣ ಮನೆಗೆ ಬರುವ ಮುಂಚೆ ಹಾಲು ಹಾಕಿ ಹೋಗಬೇಕಿತ್ತು, ಉಳಿವೆಪ್ಪನಿಗೆ ಒಂದು ಮಾತೂ ಹೇಳಬೇಕಿತ್ತು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದಳು. ಬಾಗಿಲು ಮುಚ್ಚಿತ್ತು. ಒಬ್ಬೊಬ್ಬರೇ ಬಂದು ಹಿಂದೆ ನಿಂತರು, ಸಾಲು ಬೆಳೆಯಿತು.

ಕೊನೆಗೆ ಉಳಿವೆಪ್ಪನ ಹೆಂಡತಿ ಬಂದಳು. ಸೊಂಟದಿಂದ ಬೀಗದ ಕೈ ತೆಗೆದು ಸುಶೀಲವ್ವನ ಅಂಗೈಯಲ್ಲಿ ಇಟ್ಟಳು.

"ಅವ್ರು ಬರಂಗಿಲ್ಲಂತ, ಇನ್ನ ಮ್ಯಾಲ."

"ಯಾಕಂತ?"

"ನಿಮಗ ಗೊತ್ತೈತಂತ," ಎಂದು ಹೇಳಿ ಆಕೆ ಹೊರಟುಹೋದಳು.